ಏಳನೇ ಇನ್ನಿಂಗ್ಸ್, ಮಡಿಕೇರಿ

ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸಿ
ಕೈಗೆ ಹಾಕಿ ಕೋಲು ಕೊಡುವ ನಾಡು ನಮ್ಮದು.
ಅಂಥಲ್ಲಿ, ತೊಂಬತ್ತೊಂದರಲ್ಲಿ,
ಮೇದಪ್ಪ ಮಾಸ್ತರು ಒಂದು ಬ್ಯಾಟು, ಆರು ಗ್ಲೌಸು,
ಹೊಲಿಗೆ ಬಿಟ್ಟ ಎರಡು ಚೆಂಡು ತಂದು
ಪೊನ್ನಂಪೇಟೆ ಹೈಸ್ಕೂಲಿನ ಹುಡುಗಿಯರಿಗೆ
ಬೇಸ್‌ಬಾಲ್ ಎಂದರು.
ಊರು ನಕ್ಕಿತು. ಹೆಡ್‌ಮಾಸ್ತರರು ಕೇಳಿದರು,
"ಇದು ಚಿನ್ನಿದಾಂಡಿನ ದೊಡ್ಡಪ್ಪನೋ?"

ನನಗೆ ಉಬ್ಬಸ. ಓಡಲಾರೆ.
ಅದಕ್ಕೇ ಕೈಗೆ ಪೆನ್ಸಿಲು ಬಂತು,
ಹೆಸರಿಗೆ ಬಾಲ ಬಂತು, ಮುಂದುಗಡೆಗೆ: ಸ್ಕೋರು ಪೊನ್ನವ್ವ.

ಮಳೆ ಬಿಡದ ದಿನ ಜಗುಲಿಯಲ್ಲಿ ಕೂರಿಸಿ
ಮಾಸ್ತರು ಹೇಳುತ್ತಿದ್ದುದು ಅಮೆರಿಕದ ಕತೆ.
ಬೇಲಿಯತ್ತ ಬೆರಳು ತೋರಿಸಿ ಅಲ್ಲಿಗೇ ಬಾರಿಸಿದವನದು
(ತೋರಿಸಿದ್ದು ಬೇಲಿಯನ್ನೋ, ಎದುರಾಳಿಯ ಬೈಗುಳಕ್ಕೆ ಉತ್ತರವನ್ನೋ,
ಅಲ್ಲಿ ಇನ್ನೂ ಜಗಳವಂತೆ).
ಕಾಲಸಂದಿಯಲ್ಲಿ ಚೆಂಡು ಬಿಟ್ಟು
ಆಮೇಲೆ ಏನು ಮಾಡಿದರೂ ಅದೊಂದಕ್ಕೇ ನೆನಪಾದವನದು.
ಬಿಳಿಯರ ಆಟಕ್ಕೆ ಕಪ್ಪು ಮೈಯವನೊಬ್ಬ ಇಳಿದ ದಿನದ್ದು.
ಎಲ್ಲಕ್ಕಿಂತ ಅವರಿಗೆ ಇಷ್ಟ,
ಬೆನ್ನು ಹಾಕಿ ಓಡುತ್ತ ಓಡುತ್ತ
ಹೆಗಲ ಮೇಲಿಂದ ಇಳಿದ ಚೆಂಡನ್ನು
ಸೂರಿನ ನೀರಿಗೆ ಬೊಗಸೆ ಒಡ್ಡಿದಂತೆ ಹಿಡಿದವನದು.
ಆಗೆಲ್ಲ ಬೊಮ್ಮಿ ಕಂಬಕ್ಕೊರಗಿ
ತನ್ನ ಕೈಯನ್ನು ಬೊಗಸೆ ಮಾಡಿ ನೋಡಿಕೊಳ್ಳುತ್ತಿದ್ದಳು.

ಬೊಮ್ಮಿ ತಿತಿಮತಿ ಕಡೆಯ ಹಾಡಿಯವಳು, ಜೇನುಕುರುಬರವಳು.
ಹಾಸ್ಟೆಲಿನ ಚಪ್ಪಲಿ ಕಳಚಿಟ್ಟೇ ಆಡುವವಳು.
ಸೆಂಟರ್ ಫೀಲ್ಡಿನಿಂದ ಎಸೆದಳೆಂದರೆ
ನೆಲ ಮುಟ್ಟದೆ ಬರುತ್ತಿತ್ತು ದೇಚುವಿನ ಗ್ಲೌಸಿಗೆ.
ದೇಚು ಅಂಗೈಗೆ ಉಫ್ ಉಫ್ ಎಂದು ಊದಿಕೊಂಡು ಬೈಯುವಳು;
ಊಟಕ್ಕೆ ಮಾತ್ರ ಬೊಮ್ಮಿಯ ಪಕ್ಕ ಕೂರುತ್ತಿರಲಿಲ್ಲ.
ನಾನೂ.

ಸೆಪ್ಟೆಂಬರು. ಮಡಿಕೇರಿ. ಎದುರಿಗೆ ಹಾಸನ.
ಕೊನೆಯ ಇನ್ನಿಂಗ್ಸು. ಒಂದು ರನ್ನು ನಾವು ಮುಂದೆ,
ಅವರಲ್ಲಿ ಇಬ್ಬರು ಔಟು,
ಎರಡನೇ ಬೇಸಿನಲ್ಲಿ ಒಬ್ಬಳು, ಮೂರನೆಯದರಲ್ಲಿ ಒಬ್ಬಳು.
ಮಂಜು ಟಿಕೆಟ್ಟಿಲ್ಲದೆ ಗುಡ್ಡ ಇಳಿದು ಬಂತು,
ಮೊದಲು ಬೇಲಿ ಹೋಯಿತು, ಆಮೇಲೆ ಬೊಮ್ಮಿ.
ನಿಲ್ಲಿಸೋಣವೇ ಎಂದು ಅಂಪೈರು ಬಾಯಿ ತೆರೆಯುವಷ್ಟರಲ್ಲಿ
ಟಕ್.

ಚೆಂಡು ಮೇಲೆ ಹೋದದ್ದನ್ನು ಎಲ್ಲರೂ ಕಂಡೆವು.
ಇಳಿದದ್ದನ್ನು ಯಾರೂ ಕಾಣಲಿಲ್ಲ.
ಹಾಸನದ ಇಬ್ಬರೂ ಓಡಿ ಮನೆ ಮುಟ್ಟಿದರು.
ಎಷ್ಟು ಹೊತ್ತು! ಎಲ್ಲೋ ನಾಯಿ ಬೊಗಳಿತು.
ಬಸ್ಸೊಂದು ಗೇರು ಬದಲಿಸಿ ಏರು ಹತ್ತಿತು.
ಕೊನೆಗೆ ಬೊಮ್ಮಿ, ಬರಿಗಾಲು ಮೊದಲಾಗಿ,
ಆ ಬಿಳುಪಿನಿಂದ ಹೊರಗೆ. ಚೆಂಡು ಗ್ಲೌಸಿನಲ್ಲಿ.
"ಹಿಡಿದೆಯೋ, ಹೆಕ್ಕಿದೆಯೋ?" ಅಂಪೈರು.
ಅವಳು ಮಾಸ್ತರನ್ನು ನೋಡಿದಳು, ದೇಚುವನ್ನು,
ಮೇಜಿನ ಹಿಂದಿದ್ದ ನನ್ನನ್ನು.
"ಹೆಕ್ಕಿದೆ ಸಾರ್."

ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಮೂರ್ನಾಡು ದಾಟಿದ ಮೇಲೆ
ಮಾಸ್ತರು, "ಹುಡುಗಿ ಸತ್ಯ ಹೇಳಿದಳು, ಕಪ್ಪಿಗಿಂತ ಅದು ದೊಡ್ಡದು" ಎಂದರು.
ಬೊಮ್ಮಿ ಕಿಟಕಿಯಾಚೆ ನೋಡುತ್ತಿದ್ದಳು.

ಮೊನ್ನೆ ಗೋಣಿಕೊಪ್ಪದ ಸಂತೆ. ಒಣಮೀನಿನ ಅಂಗಡಿ ಮುಂದೆ ಅವಳು,
ಆನೆ ಕಾವಲಿನ ಖಾಕಿ ಕೋಟು, ಬೈತಲೆಯಲ್ಲಿ ನರೆ.
ಗುರುತು ಹಿಡಿದು ನಕ್ಕಳು.
ಅದೂ ಇದೂ ಆದ ಮೇಲೆ ಕೇಳಿಯೇಬಿಟ್ಟೆ.
"ಹಿಡಿದಿದ್ದೆ," ಅಂದಳು. "ಬೆನ್ನು ಹಾಕಿ ಓಡಿ. ಮಾಸ್ತರ ಕತೆಯ ಹಾಗೇ."
ಮತ್ತೆ ಯಾಕೆ?
"ನೋಡಿದ್ದು ಮಂಜು ಒಂದೇ.
ನಾನು ಹೊರಗೆ ಬರುವ ಮೊದಲೇ
ನಿನ್ನ ಪೆನ್ಸಿಲು ಓಡುತ್ತಿತ್ತಲ್ಲ."

ಹೌದು.
ಹಾಸನ, ಎರಡು ರನ್ನು. ಗುಂಡಗೆ ಬರೆದು
ಕೆಳಗೆ ಗೆರೆಯನ್ನೂ ಎಳೆದಾಗಿತ್ತು.
ಪುಸ್ತಕ ಇನ್ನೂ ಇದೆ ಬೀರುವಿನಲ್ಲಿ. ಗೆರೆಯೂ.

ಅಳಿಸುತ್ತೇನೆ ಅಂದೆ.
ಅವಳು ಚೀಲದಿಂದ ಕಿತ್ತಳೆಯೊಂದನ್ನೆತ್ತಿ
ಹತ್ತು ಹೆಜ್ಜೆ ಹಿಂದೆ ಸರಿದು
"ಹಿಡಿ" ಅಂದಳು.

ಎರಡೂ ಕೈ ಒಡ್ಡಿದ್ದೆ. ಕಿತ್ತಳೆ ಎದೆಗೆ ಬಡಿದು
ಪಿಕಪ್ಪಿನ ಅಡಿಗೆ ಉರುಳಿತು.
"ಬರಕೋ" ಅಂದಳು ಬೊಮ್ಮಿ,
ಒಣಮೀನಿನ ಪೊಟ್ಟಣ ಕಂಕುಳಿಗೆ ಸಿಕ್ಕಿಸಿ.
ತಿತಿಮತಿ ಬಸ್ಸು ಆಗಲೇ ಹಾರನ್ನು ಹೊಡೆಯುತ್ತಿತ್ತು.